ಹಾಸಿಗೆ ಒದ್ದೆಯಾದರೆ ಕೂಗುವ ಅಲಾರಂ: ಕ್ಲಿಪ್ಪೋ, ಮ್ಯಾಟೋ, ವೈರ್‌ಲೆಸ್ಸೋ?

ಮಗುವಿಗೆ ಆರೇಳು ವರ್ಷ ದಾಟಿದೆ, ಇನ್ನೂ ರಾತ್ರಿ ಹಾಸಿಗೆ ಒದ್ದೆಯಾಗುತ್ತಿದೆ, ಈ ಅಲಾರಂ ತರೋಣವೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ನಮ್ಮ ಉತ್ತರ: ತನ್ನಿ. ಸರಿಯಾಗಿ ಬಳಸಿದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಅಲಾರಂ ಹಾಕಿಕೊಳ್ಳುತ್ತಿರುವಾಗಲೇ ಒದ್ದೆ ನಿಲ್ಲುತ್ತದೆ. ತೆಗೆದಿಟ್ಟ ಮೇಲೂ ಆ ಫಲ ಉಳಿಯುವ ಸಾಧ್ಯತೆ ಮಾತ್ರೆಗಿಂತ ಹೆಚ್ಚು. ಆದರೆ ಒಂದು ಷರತ್ತಿದೆ. ಮನೆಯ ದೊಡ್ಡವರೊಬ್ಬರು ಎರಡು ಮೂರು ತಿಂಗಳು ನಡುರಾತ್ರಿ ಏಳಲು ಒಪ್ಪಿರಬೇಕು. ಅದಕ್ಕೆ ಯಾರೂ ತಯಾರಿಲ್ಲದಿದ್ದರೆ ಎಷ್ಟು ದುಬಾರಿಯದನ್ನು ತಂದರೂ ಅದು ಬೀರು ಸೇರುತ್ತದೆ.

ಸಾಧನ ನೋಡಲು ತೀರಾ ಸರಳ. ಒಂದು ತುದಿಯಲ್ಲಿ ಚಡ್ಡಿಗೆ ಸಿಕ್ಕಿಸುವ ಕ್ಲಿಪ್, ಅದರಲ್ಲಿ ಒಂದಕ್ಕೊಂದು ತಾಗದಂತೆ ಎರಡು ಲೋಹದ ತುಣುಕು. ಇನ್ನೊಂದು ತುದಿಯಲ್ಲಿ ಭುಜದ ಹತ್ತಿರ ಶರ್ಟಿಗೆ ಹಾಕುವ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಮೂತ್ರದಲ್ಲಿ ಉಪ್ಪಿನಂಶ ಇರುವುದರಿಂದ ಬಟ್ಟೆ ನೆಂದ ಕೂಡಲೇ ಎರಡು ಲೋಹಗಳ ನಡುವೆ ಕರೆಂಟ್ ಹರಿಯುತ್ತದೆ, ಬಜರ್ ಕೂಗುತ್ತದೆ. ಒಳಗೆ ಇರುವುದು ಇಷ್ಟೇ.

ಹಾಗಾದರೆ ಇದು ಕಲಿಸುವುದು ಹೇಗೆ? ಮೊದಲು ಇದು ಗೊತ್ತಾದದ್ದು ಅಕಸ್ಮಾತ್ತಾಗಿ. 1904ರಲ್ಲಿ ಮಕ್ಕಳ ವೈದ್ಯ ಫೌಂಡ್ಲರ್, ಆಸ್ಪತ್ರೆಯ ಮಕ್ಕಳ ಹಾಸಿಗೆ ಒದ್ದೆಯಾದರೆ ದಾದಿಯರಿಗೆ ತಿಳಿಯಲಿ ಎಂದು ಗಂಟೆಯ ಏರ್ಪಾಟು ಮಾಡಿದರು. ಸ್ವಲ್ಪ ದಿನ ಕಳೆದಾಗ ಕೆಲವು ಮಕ್ಕಳು ಒದ್ದೆ ಮಾಡುವುದನ್ನೇ ಬಿಟ್ಟರು. 1938ರಲ್ಲಿ ಅಮೆರಿಕದ ಮನೋವಿಜ್ಞಾನಿ ದಂಪತಿ ಹೋಬಾರ್ಟ್ ಮೌರರ್ ಮತ್ತು ವಿಲ್ಲಿ ಮೇ ಮೌರರ್ ಇದನ್ನೇ ಚಿಕಿತ್ಸೆಯಾಗಿ ರೂಪಿಸಿ, 30 ಮಕ್ಕಳ ಮೇಲೆ ಬಳಸಿದ ಫಲಿತಾಂಶ ಪ್ರಕಟಿಸಿದರು. ಊಟದ ಮುನ್ಸೂಚನೆ ಸಿಕ್ಕರೆ ಸಾಕು, ಊಟ ಬಾರದೆಯೂ ಜೊಲ್ಲು ಸುರಿಸಲು ಕಲಿತ ಪಾವ್ಲೋವ್ ನಾಯಿಗಳ ಪಾಠದ ಮೇಲೆ ಅವರ ವಿವರಣೆ ನಿಂತಿತ್ತು. ಗಂಟೆ ಕೂಗಿದರೆ ಮಗು ಬೆಚ್ಚುತ್ತದೆ, ಮೂತ್ರದ ಬಾಯಿಯ ಸ್ನಾಯು ಬಿಗಿಯುತ್ತದೆ, ಎಚ್ಚರವಾಗುತ್ತದೆ. ಇದನ್ನು ಯಾರೂ ಕಲಿಸಬೇಕಿಲ್ಲ. ಮೂತ್ರಕೋಶ ತುಂಬಿದ ಒತ್ತಡದ ಬೆನ್ನಿಗೇ ಗಂಟೆ ಕೂಗುವುದು ರಾತ್ರಿಯಿಂದ ರಾತ್ರಿಗೆ ಮರುಕಳಿಸಿದರೆ, ಕೊನೆಗೆ ಆ ಒತ್ತಡವೊಂದೇ ಸ್ನಾಯು ಬಿಗಿಯಲು ಸಾಕಾಗುತ್ತದೆ. ಬಿ.ಎಡ್. ಓದಿದವರು ಇದನ್ನು ಅನುಬಂಧನ ಎಂದು ಕೂಡಲೇ ಗುರುತಿಸುತ್ತಾರೆ.

ಒಂದು ಸಂಗತಿ ಮಾತ್ರ ಈ ವಿವರಣೆಗೆ ಪೂರ್ತಿ ಹೊಂದುವುದಿಲ್ಲ. ಅಲಾರಂನಿಂದ ಗುಣವಾದ ಮಕ್ಕಳಲ್ಲಿ ಹೆಚ್ಚಿನವರು ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವುದಿಲ್ಲ, ಬೆಳಗಿನವರೆಗೂ ಮಲಗಿಯೇ ಇರುತ್ತಾರೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮನೋವಿಜ್ಞಾನಿ ಲೊವಿಬಾಂಡ್ ಇದನ್ನು ಬೇರೆ ರೀತಿ ನೋಡಿದರು. ಸದ್ದು ಮಗುವಿನ ನಿದ್ದೆಗೆ ಕಿರಿಕಿರಿ; ಆ ಕಿರಿಕಿರಿ ಬಾರದಂತೆ ದೇಹ ಮೊದಲೇ ಬಿಗಿಹಿಡಿಯುವುದನ್ನು ಕಲಿಯುತ್ತದೆ. ಕೊಳ್ಳುವವರಿಗೆ ಎರಡೂ ವಿವರಣೆ ಹೇಳುವುದು ಒಂದೇ: ಒದ್ದೆಯ ಮೊದಲ ಹನಿಗೂ ಸದ್ದಿಗೂ ನಡುವೆ, ಆ ಸದ್ದಿಗೂ ಎಚ್ಚರಕ್ಕೂ ನಡುವೆ ಅಂತರ ಇರಬಾರದು. ಬಗೆಬಗೆಯ ಅಲಾರಂಗಳನ್ನು ನಾವು ಅಳೆಯುವುದೂ ಇದೇ ಅಳತೆಗೋಲಿನಿಂದ.

ವೈರ್ ಇರುವ ಕ್ಲಿಪ್ ಅಲಾರಂ ಇದರಲ್ಲಿ ಮುಂದಿದೆ. ಸೆನ್ಸರ್ ಚಡ್ಡಿಯ ಮೇಲೇ ಇರುವುದರಿಂದ ಕೆಲವೇ ಹನಿಗೆ ಕೂಗುತ್ತದೆ, ಸದ್ದು ಕಿವಿಯ ಪಕ್ಕದಲ್ಲೇ ಇರುತ್ತದೆ, ಪ್ರಯಾಣಕ್ಕೂ ಒಯ್ಯಬಹುದು. ಮಗ್ಗುಲು ಬದಲಿಸುವಾಗ ವೈರ್ ಸುತ್ತಿಕೊಳ್ಳುವುದು ಇದರ ಕಷ್ಟ. ವೈರನ್ನು ಅಂಗಿಯ ಹೊರಗೆ ಬಿಡದೆ ಬನಿಯನ್ನಿನ ಒಳಗಿನಿಂದ ಮೇಲಕ್ಕೆ ತಂದರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಮ್ಯಾಟ್ ಅಲಾರಂನಲ್ಲಿ ಮೈಮೇಲೆ ಏನೂ ಇರುವುದಿಲ್ಲ. ಬೆಡ್‌ಶೀಟಿನ ಕೆಳಗೆ ಹಾಸಿದ ಹಾಳೆಯೇ ಸೆನ್ಸರ್. ಮೈಗೆ ಏನಾದರೂ ತಾಗಿದರೆ ಸಹಿಸದ ಮಗುವಿಗೆ ಇದೇ ಸರಿ. ಆದರೆ ಚಡ್ಡಿ, ಪೈಜಾಮ, ಬೆಡ್‌ಶೀಟ್ ಮೂರೂ ನೆಂದು ಮ್ಯಾಟ್ ಮುಟ್ಟುವಷ್ಟರಲ್ಲಿ ಅಮೂಲ್ಯವಾದ ಸೆಕೆಂಡುಗಳು ಹೋಗಿರುತ್ತವೆ. ಉರುಳಾಡುವ ಮಗು ಮ್ಯಾಟ್ ಬಿಟ್ಟು ಆಚೆ ಹೋಗಿದ್ದರೆ ಅದು ಕೂಗುವುದೇ ಇಲ್ಲ. ನೆಲದ ಮೇಲೆ ಜಮಖಾನ ಹಾಸಿ ಮೂರು ನಾಲ್ಕು ಜನ ಸಾಲಾಗಿ ಮಲಗುವ ಮನೆಗೆ ಇದು ಹೊಂದುವುದಿಲ್ಲ. ಇದನ್ನೇ ತರುವುದಾದರೆ ಮೇಲೆ ತೆಳ್ಳಗಿನ ಒಂದೇ ಹತ್ತಿ ಬಟ್ಟೆ ಹಾಕಿ. ಕೌದಿ, ದಪ್ಪ ಟವೆಲ್, ಪ್ಲಾಸ್ಟಿಕ್ ಹಾಳೆ ಮ್ಯಾಟಿನ ಮೇಲೆ ಬರಕೂಡದು.

ವೈರ್‌ಲೆಸ್‌ನಲ್ಲಿ ಚಡ್ಡಿಯ ಸೆನ್ಸರ್ ಒಂದು, ಕೂಗುವ ಡಬ್ಬಿ ಬೇರೆ. ತಂದೆ ತಾಯಿ ಬೇರೆ ಕೋಣೆಯಲ್ಲಿ ಮಲಗುವ ಮನೆಗೆ ಅನುಕೂಲ. ಡಬ್ಬಿಯನ್ನು ಮಗುವಿನಿಂದ ನಾಲ್ಕು ಹೆಜ್ಜೆ ದೂರ ಇಟ್ಟರೆ, ಆಫ್ ಮಾಡಲು ಮಗು ಎದ್ದು ನಡೆಯಲೇಬೇಕು ಎನ್ನುವುದೂ ಒಳ್ಳೆಯದೇ. ಆದರೆ ಎರಡು ಕಡೆ ಬ್ಯಾಟರಿ ನೋಡಿಕೊಳ್ಳಬೇಕು, ಒಂದು ಕಡೆ ಇಳಿದರೂ ಆ ರಾತ್ರಿ ವ್ಯರ್ಥ. ಬರೀ ನಡುಗುವ, ಸದ್ದಿಲ್ಲದ ಮಾದರಿಗಳನ್ನು ಗಾಢ ನಿದ್ದೆಯ ಮಕ್ಕಳಿಗೆ ತರಬೇಡಿ. ಸದ್ದು, ನಡುಕ ಎರಡೂ ಇರುವುದು, ಸದ್ದಿನ ಧಾಟಿ ಬದಲಿಸಲು ಬರುವುದು ಒಳ್ಳೆಯ ಆಯ್ಕೆ. ಒಂದೇ ಧಾಟಿ ವಾರಗಟ್ಟಲೆ ಕೇಳಿದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ.

ಹಣ ಕೊಡುವ ಮುಂಚೆ ಮಕ್ಕಳ ವೈದ್ಯರನ್ನು ಒಮ್ಮೆ ಕಾಣಿ. ಹಗಲಿನಲ್ಲೂ ಚಡ್ಡಿ ಒದ್ದೆಯಾಗುವುದು, ಉರಿ ಅಥವಾ ನೋವು, ವಿಪರೀತ ಬಾಯಾರಿಕೆ ಜೊತೆಗೆ ತೂಕ ಇಳಿಯುವುದು, ಜೋರು ಗೊರಕೆ, ಆರು ತಿಂಗಳು ಚೆನ್ನಾಗಿದ್ದು ಮತ್ತೆ ಶುರುವಾದದ್ದು, ಇವುಗಳಲ್ಲಿ ಒಂದಿದ್ದರೂ ಅಲಾರಂ ಮೊದಲ ಹೆಜ್ಜೆಯಲ್ಲ. ಮಲಬದ್ಧತೆಯನ್ನಂತೂ ಮನೆಯವರು ಗಮನಿಸುವುದೇ ಇಲ್ಲ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಅದನ್ನು ಸರಿಪಡಿಸದೆ ಅಲಾರಂ ಹಾಕಿದರೆ ಮಗುವಿಗೆ ಸುಮ್ಮನೆ ನಿದ್ದೆಗೇಡು. ಐದು ವರ್ಷದೊಳಗಿನ ಮಗುವಿಗೆ ಇದು ಬೇಡವೇ ಬೇಡ. ಐದು ವರ್ಷದ ಮಕ್ಕಳಲ್ಲಿ ಶೇಕಡಾ 15ರಷ್ಟು ರಾತ್ರಿ ಒದ್ದೆ ಮಾಡುವವರೇ, ಅವರಲ್ಲಿ ಪ್ರತಿ ವರ್ಷ ಸುಮಾರು ಶೇಕಡಾ 15 ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ.

ಇನ್ನು ಬಳಕೆ. ಸಂಜೆ ಬೆಳಕಿರುವಾಗಲೇ ಒಮ್ಮೆ ಆಡಿ ನೋಡಿ. ಬೆರಳಿಗೆ ಉಪ್ಪುನೀರು ಹಚ್ಚಿ ಕ್ಲಿಪ್ಪಿಗೆ ತಾಗಿಸಿ, ಅಲಾರಂ ಕೂಗಲಿ, ಮಗುವೇ ಆಫ್ ಮಾಡಲಿ, ಹಾಸಿಗೆಯಿಂದ ಬಾತ್‌ರೂಮಿಗೆ ನಡೆದು ಹೋಗಲಿ. ಕತ್ತಲಲ್ಲಿ ಮಾಡಬೇಕಾದದ್ದು ಆಗ ಕಾಲಿಗೆ ಗೊತ್ತಿರುತ್ತದೆ. ಬಾತ್‌ರೂಮಿನ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಮೈಗೆ ಅಂಟುವ ಹತ್ತಿ ಚಡ್ಡಿ ಹಾಕಿಸಿ, ಮೂತ್ರ ಮೊದಲು ಬೀಳುವ ಜಾಗಕ್ಕೆ ಕ್ಲಿಪ್ ಹಾಕಿ. ಹುಡುಗರಿಗೆ ಮುಂಭಾಗದಲ್ಲಿ ಸ್ವಲ್ಪ ಮೇಲೆ, ಹುಡುಗಿಯರಿಗೆ ಕೆಳಗೆ ನಡುವೆ. ಅದರ ಮೇಲೆ ಇನ್ನೊಂದು ಚಡ್ಡಿ ಹಾಕಿದರೆ ಕ್ಲಿಪ್ ಅಲುಗುವುದಿಲ್ಲ. ಡೈಪರ್ ಬೇಡ. ಅದು ಮೊದಲ ಹನಿಗಳನ್ನು ಹೀರಿಕೊಂಡು ಸದ್ದನ್ನು ತಡಮಾಡುತ್ತದೆ.

ಅಲಾರಂ ಕೂಗಿದಾಗ ಮೊದಲ ಎರಡು ಮೂರು ವಾರ ಎಚ್ಚರವಾಗುವುದು ಮಗುವಿಗಲ್ಲ, ಮನೆಗೆಲ್ಲ. ಇದನ್ನು ಕಂಡೇ ಎಷ್ಟೋ ಜನ ಕೆಲಸ ಮಾಡುತ್ತಿಲ್ಲ ಎಂದು ವಾಪಸ್ ಕಳಿಸುತ್ತಾರೆ. ಮೊದಲೇ ಹೇಳಿದ ಷರತ್ತು ಇರುವುದು ಈ ಘಳಿಗೆಗಾಗಿ. ಸದ್ದು ಕೇಳಿದ ತಕ್ಷಣ ದೊಡ್ಡವರು ಹೋಗಬೇಕು, ಮಗುವನ್ನು ಕೂರಿಸಿ, "ಪುಟ್ಟಾ, ಅಲಾರಂ ಕೂಗ್ತಿದೆ, ಏಳು" ಎಂದು ಪೂರ್ತಿ ಎಚ್ಚರ ಮಾಡಬೇಕು. ಸ್ವಿಚ್ಚನ್ನು ನೀವು ಒತ್ತಬೇಡಿ, ಮಗುವಿನ ಬೆರಳು ಹಿಡಿದಾದರೂ ಅದರಿಂದಲೇ ಒತ್ತಿಸಿ. ಕಣ್ಣು ಬಿಟ್ಟಿದ್ದರೂ ನಿದ್ದೆಯಲ್ಲಿರುವ ಮಕ್ಕಳಿದ್ದಾರೆ. ಹೆಸರು, ಶಾಲೆ, ಇವತ್ತು ಯಾವ ವಾರ ಎಂದು ಕೇಳಿದರೆ ಎಚ್ಚರವೋ ಅಲ್ಲವೋ ಗೊತ್ತಾಗುತ್ತದೆ. ಆಮೇಲೆ ಬಾತ್‌ರೂಮಿಗೆ ನಡೆಸಿ, ಹೊಟ್ಟೆಯಲ್ಲಿ ಉಳಿದ ನಾಲ್ಕು ಹನಿಯಾದರೂ ಅಲ್ಲಿ ಹೋಗಲಿ. ಕ್ಲಿಪ್ ಒರೆಸಿ, ಒಣ ಚಡ್ಡಿ ಹಾಕಿ, ಅಲಾರಂ ಮತ್ತೆ ಸಿಕ್ಕಿಸಿಯೇ ಮಲಗಿಸಿ. ಇದೆಲ್ಲ ಹತ್ತು ನಿಮಿಷದ ಕೆಲಸ. ಪ್ರತಿ ರಾತ್ರಿ, ಒಂದೂ ಬಿಡದೆ.

ಮಗುವನ್ನು ರಾತ್ರಿ ಹನ್ನೆರಡಕ್ಕೆ ಒಮ್ಮೆ, ಮೂರಕ್ಕೆ ಇನ್ನೊಮ್ಮೆ ಎಬ್ಬಿಸಿ ಒಂದಕ್ಕೆ ಕರೆದುಕೊಂಡು ಹೋಗುವ ರೂಢಿ ನಮ್ಮ ಮನೆಗಳಲ್ಲಿ ಹಳೆಯದು. ಆ ರಾತ್ರಿಯ ಬೆಡ್‌ಶೀಟ್ ಉಳಿಯುತ್ತದೆ, ನಿಜ. ಆದರೆ ನಿಮ್ಮ ಗಡಿಯಾರಕ್ಕೂ ಮಗುವಿನ ಮೂತ್ರಕೋಶಕ್ಕೂ ಸಂಬಂಧ ಇಲ್ಲದ್ದರಿಂದ ಅದು ಏನನ್ನೂ ಕಲಿಸುವುದಿಲ್ಲ. ಅಲಾರಂ ಶುರುಮಾಡಿದ ದಿನದಿಂದ ಅದನ್ನು ನಿಲ್ಲಿಸಿ.

ಬಹುಮಾನದ ವಿಷಯದಲ್ಲಿ ನಮಗೆ ಖಚಿತವಾದ ಅಭಿಪ್ರಾಯವಿದೆ. ಅಲಾರಂ ಜೊತೆ ಬರುವ ಸ್ಟಿಕರ್ ಚಾರ್ಟ್‌ಗಳಲ್ಲಿ ಒದ್ದೆಯಿಲ್ಲದ ರಾತ್ರಿಗೆ ಒಂದು ನಕ್ಷತ್ರ ಎಂದಿದ್ದರೆ ಅದನ್ನು ಹಾಗೇ ಬಳಸಬೇಡಿ. ಪುನರ್ಬಲನ, ಅಂದರೆ ಬಹುಮಾನ ಕೊಟ್ಟು ನಡವಳಿಕೆಯನ್ನು ಗಟ್ಟಿ ಮಾಡುವುದು, ಕೆಲಸ ಮಾಡುವುದು ಮಗು ತಾನಾಗಿ ಮಾಡಬಲ್ಲ ಕೆಲಸದ ಮೇಲೆ, ಆ ಕೆಲಸದ ಬೆನ್ನಿಗೇ ಸಿಕ್ಕಾಗ. ನಿದ್ದೆಯಲ್ಲಿ ಆಗುವುದು ಮಗುವಿನ ಕೈಯಲ್ಲಿಲ್ಲ. ಅದಕ್ಕೆ ನಕ್ಷತ್ರ ಕೊಟ್ಟರೆ, ಸಿಗದ ಬೆಳಗು ಶಿಕ್ಷೆಯಾಗುತ್ತದೆ. ತಾನೇ ಕ್ಲಿಪ್ ಹಾಕಿಕೊಂಡದ್ದಕ್ಕೆ, ಸ್ವಿಚ್ ಒತ್ತಿದ್ದಕ್ಕೆ, ಒದ್ದೆ ಬಟ್ಟೆಯನ್ನು ಬಕೆಟಿಗೆ ಹಾಕಿದ್ದಕ್ಕೆ ನಕ್ಷತ್ರ ಕೊಡಿ. "ನಿನ್ನೆ ನೀನೇ ಎದ್ದು ಆಫ್ ಮಾಡಿದೆ" ಎಂದು ಅಜ್ಜಿಯ ಮುಂದೆ ಹೇಳಿ. ಬಟ್ಟೆ ಬದಲಿಸಲು ಕೈಜೋಡಿಸುವುದು ದಂಡನೆಯ ಧಾಟಿಯಲ್ಲಿ ಇರಬಾರದು. ಮನೆಯಲ್ಲಿ ಅಣ್ಣ ಅಕ್ಕ ಇದ್ದರೆ ಅವರು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ. ದೊಡ್ಡವರ ನಡವಳಿಕೆಯನ್ನು ಮಕ್ಕಳು ಬರೀ ನೋಡಿ ಹೇಗೆ ಎತ್ತಿಕೊಳ್ಳುತ್ತಾರೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1961ರಲ್ಲೇ ಗೊಂಬೆಗೆ ಹೊಡೆಯುವ ಪ್ರಯೋಗದಲ್ಲಿ ತೋರಿಸಿದ್ದರು. ನಡುರಾತ್ರಿ ಅಪ್ಪ ಗೊಣಗಿದರೆ ಬೆಳಿಗ್ಗೆ ಅಣ್ಣ ಅಣಕಿಸುತ್ತಾನೆ. ಅಪ್ಪ ಸುಮ್ಮನೆ ಬೆಡ್‌ಶೀಟ್ ಬದಲಿಸಿದರೆ ಅಣ್ಣನೂ ಸುಮ್ಮನಿರುತ್ತಾನೆ. ತಂದೆ ತಾಯಿಗೆ ಚಿಕ್ಕಂದಿನಲ್ಲಿ ಇದೇ ತೊಂದರೆ ಇದ್ದಿದ್ದರೆ ಮಗುವಿಗೆ ಹೇಳಿ. ಇದು ವಂಶದಲ್ಲಿ ಹರಿದುಬರುವಂಥದ್ದು, ಸೋಮಾರಿತನದಿಂದ ಆಗುವುದಲ್ಲ.

ಸಾಧನ ಕೆಡುವುದು ಹೆಚ್ಚಾಗಿ ಎರಡು ಕಡೆ. ಕ್ಲಿಪ್ಪಿನ ಲೋಹದ ಮೇಲೆ ಉಪ್ಪು ಕೂತು ಹಸಿರು ಪಾಚಿಯಂಥ ಕಿಲುಬು ಹಿಡಿದರೆ ಅಲಾರಂ ತಡವಾಗಿ ಕೂಗುತ್ತದೆ ಅಥವಾ ಕೂಗುವುದೇ ಇಲ್ಲ. ಪ್ರತಿ ಬೆಳಿಗ್ಗೆ ಕ್ಲಿಪ್ಪನ್ನು ಮಾತ್ರ ಬರಿ ನೀರಲ್ಲಿ ತೊಳೆದು ಒರೆಸಿ ಒಣಗಿಸಿ, ಡಬ್ಬಿಗೆ ನೀರು ತಾಗಿಸಬೇಡಿ. ವೈರ್ ಕಿತ್ತುಹೋಗುವುದು ಡಬ್ಬಿಗೆ ಸೇರುವ ಪಿನ್ನಿನ ಬುಡದಲ್ಲಿ. ಬಿಚ್ಚುವಾಗ ವೈರ್ ಎಳೆಯದೆ ಪಿನ್ ಹಿಡಿದು ತೆಗೆಯಿರಿ. ವೈರ್ ಬೇರೆಯಾಗಿ ಸಿಗುವ ಮಾದರಿ ಕೊಳ್ಳುವುದು ಜಾಣತನ. ಮಂಗಳೂರು, ಕಾರವಾರದ ಬೇಸಿಗೆಯಲ್ಲಿ ಬೆವರಿಗೂ ಅಲಾರಂ ಕೂಗಬಹುದು, ಬೆವರೂ ಉಪ್ಪುನೀರೇ. ಒಣ ಚಡ್ಡಿಗೆ ಕೂಗುತ್ತಿದ್ದರೆ ಫ್ಯಾನ್ ಜೋರು ಮಾಡಿ, ಒಳಗೊಂದು ತೆಳು ಹತ್ತಿ ಚಡ್ಡಿ ಹಾಕಿ ಅದರ ಹೊರಗೆ ಕ್ಲಿಪ್ ಸಿಕ್ಕಿಸಿ. ಸುಳ್ಳು ಕೂಗು ಹೆಚ್ಚಾದರೆ ಸದ್ದಿಗೂ ಒದ್ದೆಗೂ ಇರುವ ನಂಟೇ ಸಡಿಲವಾಗುತ್ತದೆ. ಗುಂಡಿಯಂಥ ಚಿಕ್ಕ ಸೆಲ್ ಇದ್ದರೆ ಅದರ ಮುಚ್ಚಳ ಸ್ಕ್ರೂ ಹಾಕಿರುವಂಥದ್ದೇ ಆಗಿರಲಿ, ಚಿಕ್ಕ ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ.

ಫಲ ಬರುತ್ತಿದೆಯೇ ಎಂಬುದು ನಾಲ್ಕು ವಾರಕ್ಕೆ ಗೊತ್ತಾಗುತ್ತದೆ. ಬೆಡ್‌ಶೀಟಿನ ಕಲೆ ಮೊದಲು ತಟ್ಟೆಯಷ್ಟಿದ್ದದ್ದು ಅಂಗೈಯಷ್ಟಾಗುವುದು, ರಾತ್ರಿ ಎರಡು ಬಾರಿ ಕೂಗುತ್ತಿದ್ದದ್ದು ಒಂದಕ್ಕೆ ಇಳಿಯುವುದು, ಹನ್ನೊಂದಕ್ಕೆ ಕೂಗುತ್ತಿದ್ದದ್ದು ಮೂರಕ್ಕೆ ಸರಿಯುವುದು, ಇವೆಲ್ಲ ಕಲಿಕೆಯ ಗುರುತುಗಳು. ಒದ್ದೆಯಿಲ್ಲದ ರಾತ್ರಿಗಳು ಬರುವುದು ಇವಾದ ಮೇಲೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಗಂಟೆ ಮತ್ತು ಕಲೆಯ ಅಳತೆ ಎರಡನ್ನೂ ಬರೆಯಿರಿ. ನಾಲ್ಕು ವಾರದಲ್ಲಿ ಇವುಗಳಲ್ಲಿ ಒಂದೂ ಕಾಣದಿದ್ದರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ, ಆರು ತಿಂಗಳು ಬಿಟ್ಟು ಮತ್ತೆ ಶುರುಮಾಡಬಹುದು. ಹತ್ತಿರದಲ್ಲೇ ಶಾಲೆಯ ಪ್ರವಾಸವೋ ಮದುವೆಯೋ ಇದ್ದರೆ, ರಾತ್ರಿ ಮೂತ್ರ ಕಡಿಮೆ ತಯಾರಾಗುವಂತೆ ಮಾಡುವ ಡೆಸ್ಮೊಪ್ರೆಸಿನ್ ಮಾತ್ರೆಯ ಬಗ್ಗೆ ವೈದ್ಯರನ್ನೇ ಕೇಳಿ. ಅದು ಬೇಗ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ತೊಂದರೆ ಮರಳುವುದೇ ಹೆಚ್ಚು.

ಸತತ 14 ರಾತ್ರಿ ಒದ್ದೆಯಾಗದಿದ್ದರೆ ಕೆಲಸ ಆಯಿತು ಎಂದು ಪೊಟ್ಟಣ ಕಟ್ಟಬೇಡಿ, ಮರುಕಳಿಸುವುದು ಇಲ್ಲೇ. ಕಲಿತದ್ದನ್ನು ಗಟ್ಟಿ ಮಾಡಲು ಅಲಾರಂ ಹಾಕಿಕೊಂಡೇ ಮಲಗುವ ಕಾಲು ಗಂಟೆ ಮುಂಚೆ 120 ಮಿಲಿ ಲೀಟರ್ ನೀರು ಕುಡಿಸಿ. ಎರಡು ರಾತ್ರಿ ಒದ್ದೆಯಾಗದಿದ್ದರೆ 60 ಮಿಲಿ ಲೀಟರ್ ಹೆಚ್ಚಿಸಿ. ವಯಸ್ಸಿಗೆ ಎರಡು ಸೇರಿಸಿ 30ರಿಂದ ಗುಣಿಸಿದರೆ ಬರುವುದು ಕೊನೆಯ ಮಿತಿ. ಎಂಟು ವರ್ಷದ ಮಗುವಿಗೆ 300 ಮಿಲಿ ಲೀಟರ್. ಮಧ್ಯೆ ಒದ್ದೆಯಾದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಡೆಸ್ಮೊಪ್ರೆಸಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಈ ನೀರಿನ ಕ್ರಮ ಖಂಡಿತ ಬೇಡ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಷ್ಟೂ ನೀರು ಕುಡಿದು ಮತ್ತೆ ಸತತ 14 ರಾತ್ರಿ ಒಣಗಿದ್ದರೆ ಅಲಾರಂ ತೆಗೆಯಿರಿ. ಸೆಲ್ ಬಿಚ್ಚಿ, ಕ್ಲಿಪ್ ಒಣಗಿಸಿ, ಕೈಗೆ ಸಿಗುವ ಜಾಗದಲ್ಲೇ ಇಡಿ. ಮುಂದೆ ಎಂದಾದರೂ ಎರಡು ವಾರದಲ್ಲಿ ಎರಡಕ್ಕಿಂತ ಹೆಚ್ಚು ರಾತ್ರಿ ಒದ್ದೆಯಾದರೆ ಅದೇ ಸಂಜೆ ಹೊಸ ಸೆಲ್ ಹಾಕಿ ಮತ್ತೆ ಶುರುಮಾಡಿ.