ಗುಂಡ ಗುರ್ ಅನ್ನುವುದನ್ನು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಆಗಿದ್ದು

ನಾಯಿಗೆ ಟ್ರೈನರ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ ಅಕ್ಕನ ಮಗನಿಗೆ ಈಗ ಆರು ವರ್ಷ. ಅವನ ಮುಂಗೈ ಮೇಲೆ ಎರಡು ಹಲ್ಲಿನ ಗುರುತು ಇದೆ. ಅದು ನಮ್ಮ ಗುಂಡನ ಹಲ್ಲು. ಆದರೆ ತಪ್ಪು ಗುಂಡನದ್ದಲ್ಲ, ನಮ್ಮದು.

ಗುಂಡ ಬೀದಿಯಲ್ಲಿ ಸಿಕ್ಕವನು. ಮೈಸೂರಿನ ನಮ್ಮ ಬಡಾವಣೆಯ ಚರಂಡಿ ಪಕ್ಕ ಮಳೆಯಲ್ಲಿ ನೆನೆದು ಕೂತಿದ್ದ. ಮನೆಗೆ ತಂದೆವು. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಅಮ್ಮನ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದ. ಆಮೇಲೊಂದು ದಿನ ಅಮ್ಮ ತಲೆ ಸವರಲು ಹೋದಾಗ ಗುರ್ ಅಂದ. ಎರಡು ದಿನ ಬಿಟ್ಟು ನಾನು ಬೆಲ್ಟ್ ಹಾಕಲು ಹೋದಾಗಲೂ ಹಾಗೇ ಮಾಡಿದ. ನಮಗೆ ಭಯ ಆಯಿತು. ಪರಿಚಯದವರೊಬ್ಬರು ಒಬ್ಬ ಟ್ರೈನರ್ ನಂಬರ್ ಕೊಟ್ಟರು. ತಿಂಗಳಿಗೆ 8,000 ರೂಪಾಯಿ, ವಾರಕ್ಕೆ ಮೂರು ದಿನ.

ಆತ ಬಂದು ಹತ್ತು ನಿಮಿಷ ನೋಡಿದ. "ಮೇಡಂ, ಇದು ನಿಮ್ಮನ್ನ ಲೀಡರ್ ಅಂತ ಒಪ್ಪಿಲ್ಲ. ತೋಳದ ಹಿಂಡಿನಲ್ಲಿ ಒಬ್ಬ ಆಲ್ಫಾ ಇರ್ತಾನೆ. ಆ ಆಲ್ಫಾ ನೀವಾಗಬೇಕು" ಅಂದ. ಎಷ್ಟು ಧೈರ್ಯದಿಂದ ಹೇಳಿದ ಅಂದರೆ ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೊದಲ ದಿನವೇ ಚೋಕ್ ಚೈನ್ ಬಂತು. ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ. ಗುಂಡ ಸ್ವಲ್ಪ ಆಚೀಚೆ ನೋಡಿದರೂ ಟ್ರೈನರ್ ಜಗ್ಗುತ್ತಿದ್ದ. ಗುರ್ ಅಂದರೆ ಕುತ್ತಿಗೆಯ ಚರ್ಮ ಹಿಡಿದು, ಅಂಗಾತ ಕೆಡವಿ, ಎದೆ ಮೇಲೆ ಮೊಣಕಾಲು ಒತ್ತುತ್ತಿದ್ದ. ಒದ್ದಾಡುವುದು ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಮೂರನೇ ದಿನ ಗುಂಡ ಹಾಗೇ ಮಲಗಿದಲ್ಲಿ ಉಚ್ಚೆ ಮಾಡಿಕೊಂಡ. "ನೋಡಿ, ಸೋಲು ಒಪ್ಪಿಕೊಂಡಿತು" ಅಂದ ಟ್ರೈನರ್. ಅಮ್ಮ "ಏನಪ್ಪಾ, ಇಷ್ಟು ಜೋರು ಬೇಕಾ?" ಅಂತ ಕೇಳಿದರು. "ನೀವು ಮುದ್ದು ಮಾಡಿಯೇ ಕೆಡಿಸಿದ್ದು ಅಮ್ಮ" ಅಂದ. ನಾನು ಅವನ ಪಕ್ಕ ನಿಂತೆ, ಅಮ್ಮನ ಪಕ್ಕ ಅಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಮೂರು ವಾರದಲ್ಲಿ ಗುಂಡ ಗುರ್ ಅನ್ನುವುದನ್ನು ಪೂರ್ತಿ ಬಿಟ್ಟ. ನಾವು ಖುಷಿಪಟ್ಟೆವು. ಬೇರೆ ಏನೇನು ಬದಲಾಗಿತ್ತು ಅನ್ನುವುದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಟ್ರೈನರ್‌ನ ಬೈಕ್ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ವಾಷಿಂಗ್ ಮೆಷಿನ್ ಹಿಂದೆ ಹೋಗಿ ಕೂರುತ್ತಿದ್ದ. ಕೈ ಎತ್ತಿದರೆ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿದ್ದ. ನಿದ್ದೆ ಬರದೆ ಇದ್ದರೂ ಆಕಳಿಸುತ್ತಿದ್ದ. ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತಿದ್ದ. ಇವೆಲ್ಲ ಹೆದರಿದ ನಾಯಿಯ ಲಕ್ಷಣ. ನಾವು ಅದನ್ನು ಶಿಸ್ತು ಅಂದುಕೊಂಡೆವು.

ದಸರಾ ರಜೆಗೆ ಅಕ್ಕ ಬಂದಿದ್ದಳು. ಅವಳ ಮಗ ಓಡಿಬಂದು ಗುಂಡನ ಕುತ್ತಿಗೆ ತಬ್ಬಿಕೊಂಡ. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ನೇರವಾಗಿ ಕಚ್ಚಿದ. ಮೊದಲಾಗಿದ್ದರೆ ಗುರ್ ಅನ್ನುತ್ತಿದ್ದ, ನಾವು ಮಗುವನ್ನು ಈಚೆ ಎಳೆದುಕೊಳ್ಳುತ್ತಿದ್ದೆವು. ಆ ಒಂದು ಸದ್ದನ್ನು ದುಡ್ಡು ಕೊಟ್ಟು ಅಳಿಸಿ ಹಾಕಿದ್ದೆವು.

ಗಾಯವನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆದೆವು. ತಕ್ಷಣ ಆಸ್ಪತ್ರೆಗೆ ಓಡಿ ರೇಬಿಸ್ ಲಸಿಕೆ ಶುರು ಮಾಡಿಸಿದೆವು. (ಮನೆ ನಾಯಿ, ಲಸಿಕೆ ಹಾಕಿಸಿದೆ ಅಂತ ಯಾರೂ ಸುಮ್ಮನೆ ಕೂರಬೇಡಿ.) ಟ್ರೈನರ್‌ಗೆ ಫೋನ್ ಮಾಡಿದರೆ "ಇನ್ನೂ ಟೈಟ್ ಮಾಡಬೇಕು, ಮುಳ್ಳಿನ ಚೈನ್ ಹಾಕೋಣ" ಅಂದ.

ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಗುಂಡನನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಇಂಜೆಕ್ಷನ್ ಕೊಟ್ಟು ಮಲಗಿಸಿ ಕಿವಿ ನೋಡಿದರು. ಎಡಗಿವಿಯ ಒಳಗೆ ಕೀವು ತುಂಬಿತ್ತು. ಎಷ್ಟೋ ದಿನದ ಸೋಂಕು. ತಲೆ ಮುಟ್ಟಿದರೆ ನೋವು, ಬೆಲ್ಟ್ ಹಾಕಿದರೆ ನೋವು. ಅವನು ಮೊದಲ ದಿನ ಅಮ್ಮನಿಗೆ ಹೇಳಿದ್ದು ಅಷ್ಟೇ: ಮುಟ್ಟಬೇಡ, ನೋಯುತ್ತದೆ. ಅದೇ ಕುತ್ತಿಗೆ, ಅದೇ ಕಿವಿಯನ್ನು ಒತ್ತಿ ಹಿಡಿದು ನಾವು ಅವನಿಗೆ ಲೀಡರ್ ಯಾರು ಅಂತ ಕಲಿಸುತ್ತಿದ್ದೆವು.

ಈ ಆಲ್ಫಾ ಮಾತು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿ ಓದಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದಿದ್ದರು. ಅವು ಕಾಡಿನವಲ್ಲ, ಕೂಡಿಹಾಕಿದ ತೋಳಗಳು. 1970ರಲ್ಲಿ ಡೇವಿಡ್ ಮೆಕ್ ಅನ್ನುವ ಅಮೆರಿಕದ ವಿಜ್ಞಾನಿಯ ಪುಸ್ತಕದಿಂದ ಆಲ್ಫಾ ಪದ ಇನ್ನಷ್ಟು ಹರಡಿತು. ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡು ತೋಳಗಳನ್ನು ನೋಡಿ, 1999ರಲ್ಲಿ ಆ ಮಾತನ್ನು ತಿದ್ದಿದರು. ಕಾಡಿನ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ, ಅಷ್ಟೇ. ಸ್ವತಃ ಅವರೇ ಬಿಟ್ಟ ಮಾತನ್ನು ಹಿಡಿದುಕೊಂಡು ನಮ್ಮ ಹಾಲ್‌ನಲ್ಲಿ ಒಂದು ಬೀದಿನಾಯಿಯ ಎದೆ ತುಳಿಯಲಾಯಿತು.

2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 140 ನಾಯಿ ಮಾಲೀಕರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಗೆ ಹೊಡೆದ, ಒದ್ದವರಲ್ಲಿ ಶೇ. 43ರಷ್ಟು ಜನ, ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ ಶೇ. 31ರಷ್ಟು ಜನ ನಾಯಿ ತಿರುಗಿಬಿದ್ದಿತ್ತು ಅಂದಿದ್ದರು. ಇದು ನನಗೆ ಮೊದಲೇ ಗೊತ್ತಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ.

ಕಿವಿ ವಾಸಿಯಾಗಲು ಒಂದು ತಿಂಗಳು ಸಾಕಾಯಿತು. ಭಯ ಹೋಗಲು ಏಳು ತಿಂಗಳಾದರೂ ಸಾಲುತ್ತಿಲ್ಲ. ಡಾಕ್ಟರ್ ಹೇಳಿಕೊಟ್ಟ ಹಾಗೆ ಮಾಡುತ್ತಿದ್ದೇವೆ. ಕೈಯನ್ನು ತಲೆಯಿಂದ ಒಂದು ಮೊಳ ದೂರ ಇಟ್ಟು ಬೇಯಿಸಿದ ಕೋಳಿಯ ಚೂರು ಕೊಡುವುದು. ಅವನು ಆರಾಮಾಗಿದ್ದರೆ ಇನ್ನೊಂದು ಗೇಣು ಹತ್ತಿರ. ಮುಖ ತಿರುಗಿಸಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುವುದು. ಹೋದ ತಿಂಗಳು ಉಗುರು ಕತ್ತರಿಸುವಾಗ ಸಣ್ಣಗೆ ಗುರ್ ಅಂದ. ನಾನು ಕತ್ತರಿ ಕೆಳಗಿಟ್ಟು ಹಿಂದೆ ಸರಿದೆ. ಅಮ್ಮ ಕಣ್ಣೊರೆಸಿಕೊಂಡರು. ಅಕ್ಕ ಇನ್ನೂ ಮಗನನ್ನು ಮನೆಗೆ ಕರೆದುಕೊಂಡು ಬಂದಿಲ್ಲ. ಬಾ ಅಂತ ನಾನೂ ಒತ್ತಾಯ ಮಾಡುತ್ತಿಲ್ಲ.

ನಮ್ಮಲ್ಲಿ ಯಾರು ಬೇಕಾದರೂ ಡಾಗ್ ಟ್ರೈನರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ನೀವೇ ಕೇಳಿ ತಿಳಿದುಕೊಳ್ಳಬೇಕು. ನಾಯಿ ಇದ್ದಕ್ಕಿದ್ದ ಹಾಗೆ ಗುರ್ ಅನ್ನಲು ಶುರು ಮಾಡಿದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಕಿವಿ, ಹಲ್ಲು, ಸೊಂಟ, ಎಲ್ಲಾದರೂ ನೋವಿದೆಯಾ ನೋಡಿಸಿ. ಟ್ರೈನರ್ ಬಂದರೆ "ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಾ?" ಅಂತ ನೇರವಾಗಿ ಕೇಳಿ. ಆಲ್ಫಾ, ಲೀಡರ್, ಸೋಲಿಸಬೇಕು ಅನ್ನುವ ಮಾತು ಬಂದರೆ ಅಲ್ಲಿಗೇ ಕೈಮುಗಿದು ಕಳಿಸಿ. "ನೀವು ಒಳಗೆ ಹೋಗಿ, ನಾನು ನೋಡ್ಕೋತೀನಿ" ಅಂದರೆ ಒಪ್ಪಬೇಡಿ. ಒಂದು ತಿಂಗಳು ನಮ್ಮ ಹತ್ತಿರ ಬಿಡಿ, ಕಲಿಸಿ ಕಳಿಸ್ತೀವಿ ಅನ್ನುವವರ ಹತ್ತಿರವಂತೂ ನಾಯಿಯನ್ನು ಬಿಡಲೇಬೇಡಿ. ಅಲ್ಲಿ ಏನು ಮಾಡುತ್ತಾರೆ ಅಂತ ನೋಡಲು ನೀವು ಇರುವುದಿಲ್ಲ. ನಾನು ಎದುರಿಗೇ ನಿಂತು ನೋಡುತ್ತಿದ್ದಾಗಲೇ ಇಷ್ಟೆಲ್ಲ ಆಯಿತು.