ಕೆಂಪು, ನೀಲಿ ಮತ್ತು ಟಿಳಕವಾಡಿಯ ಜೆರಾಕ್ಸ್ ಅಂಗಡಿ

ಎಂ.ಎಸ್ಸಿ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಮಾಡಿಸಿ ಬೈಂಡಿಂಗ್ ಹಾಕಿಸೋಕೆ ಬೆಳಗಾವಿಯಲ್ಲಿ ಒಳ್ಳೆ ಜಾಗ ಕೇಳಿದರೆ, ನಾನು ಟಿಳಕವಾಡಿಯ ಗಲ್ಲಿಯೊಂದರ ಈ ಪುಟ್ಟ ಅಂಗಡಿಯನ್ನೇ ಹೇಳುತ್ತೇನೆ.

ನನ್ನ ವಿಷಯ ಕಪ್ಪುಕುಳಿಗಳ ಹತ್ತಿರದಿಂದ ಚಿಮ್ಮುವ ಪ್ಲಾಸ್ಮಾ ಜೆಟ್, ಅಂದರೆ ವಿದ್ಯುದಾವೇಶವಿರುವ ಬಿಸಿ ಅನಿಲದ ಕಾರಂಜಿ. ಅದರೊಳಗೆ ಎದುರುಬದುರು ದಿಕ್ಕಿನ ಕಾಂತರೇಖೆಗಳು ಹತ್ತಿರ ಬಂದು, ಕಡಿದು, ಬೇರೆ ರೀತಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯಿಂದ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತವೆ, ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತಾ ವಿಕಿರಣ ಸೂಸುತ್ತವೆ. ಮುಖ್ಯ ಚಿತ್ರದಲ್ಲಿ ಬಾಣಗಳಿಲ್ಲ, ಬಣ್ಣವೇ ದಿಕ್ಕು. ಮೇಲೆ ಕೆಂಪು, ಕೆಳಗೆ ನೀಲಿ, ನಡುವೆ ತೆಳು ಬಿಳಿ ಪಟ್ಟಿ. ಆ ಪಟ್ಟಿಯಲ್ಲಿ ಮಣಿ ಪೋಣಿಸಿದ ಹಾಗೆ ಪ್ಲಾಸ್ಮಾ ಗುಂಡುಗಳು.

ಮೊದಲು ಹೋದ ಬೇರೊಂದು ಅಂಗಡಿಯಲ್ಲಿ ಎಲ್ಲವನ್ನೂ ಕಪ್ಪುಬಿಳುಪಿನಲ್ಲಿ ತೆಗೆದರು. ಎರಡೂ ಬಣ್ಣ ಒಂದೇ ಬೂದು ಆಯ್ತು. ದಿಕ್ಕೇ ಕಾಣದಿದ್ದರೆ ರೇಖೆ ಕಡಿಯುವುದಾದರೂ ಯಾಕೆ? ಇಲ್ಲಿ ಹುಡುಗ ಸ್ಕ್ರೀನ್ ನೋಡಿಯೇ ಕೇಳಿದ: "ಅಕ್ಕಾ, ಬ್ಲ್ಯಾಕ್ ಅಂಡ್ ವೈಟ್ ತಗದ್ರ ಎರಡೂ ಒಂದಽ ಕಾಣ್ತಾವ್ರಿ. ಕಲರ್ ತಗೀಲೇನ್ರಿ?" ಆಮೇಲೆ ಮಾಲೀಕರು ಬಂದು, "ನಡುವ ಈ ಬಿಳಿ ಗುಂಡು ಏನ್ರಿ?" ಅಂದರು. ಹತ್ತು ನಿಮಿಷ ವಿವರಿಸಿದೆ. ಪೂರ್ತಿ ಕೇಳಿದರು.

ಇನ್ನೊಂದು ಪುಟ ಜಾಸ್ತಿ ಕಷ್ಟದ್ದು. 2006ರ ಜುಲೈನಲ್ಲಿ ಪಿಕೆಎಸ್ 2155-304 ಎಂಬ ಬ್ಲೇಜಾರ್‌ನ (ನಡುವಿನ ಕಪ್ಪುಕುಳಿಯ ಜೆಟ್ ನಮ್ಮ ಕಡೆಗೇ ಮುಖ ಮಾಡಿರುವ ಗ್ಯಾಲಕ್ಸಿ) ಗಾಮಾ ಕಿರಣಗಳು ಹೇಗೆ ಏರಿಳಿದವು ಅನ್ನುವ ಗ್ರಾಫ್. ನಮೀಬಿಯಾದ ದೂರದರ್ಶಕಗಳು ಅದನ್ನು ಹಿಡಿದಿದ್ದವು. ಹೊಳಪು ನಿಮಿಷಗಳಲ್ಲೇ ಬದಲಾಗಿತ್ತು. ಆ ಕಪ್ಪುಕುಳಿಯ ಅಡ್ಡಳತೆ ದಾಟೋಕೆ ಬೆಳಕಿಗೇ ಗಂಟೆಗಟ್ಟಲೆ ಬೇಕು ಅಂತ ಅಂದಾಜು. ಒಂದು ಜಾಗದ ಹೊಳಪು ಸಾಮಾನ್ಯವಾಗಿ ಬೆಳಕು ಅದನ್ನು ದಾಟುವ ಹೊತ್ತಿಗಿಂತ ಬೇಗ ಬದಲಾಗೋದಿಲ್ಲ. ಹಾಗಾದರೆ ಜೆಟ್‌ನೊಳಗೆ ಎಲ್ಲೋ ಒಂದು ಪುಟ್ಟ ಜಾಗ ಉರಿದಿರಬೇಕು, ಅಲ್ವಾ? ಕಾಂತರೇಖೆಗಳ ಮರುಜೋಡಣೆ ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ನನ್ನ ಇಡೀ ರಿಪೋರ್ಟ್ ನಿಂತಿರೋದು ಆ ಚೂಪು ಶಿಖರಗಳ ಮೇಲೆ. ಮೊದಲ ಪ್ರಿಂಟ್‌ನಲ್ಲಿ ಚುಕ್ಕೆಗಳು ಅಂಟಿಕೊಂಡು ಶಿಖರ ಮೊಂಡಾಗಿತ್ತು. ಮಾಲೀಕರು ಅದನ್ನು ಪಕ್ಕಕ್ಕಿಟ್ಟು, ದಪ್ಪ ಹಾಳೆ ಹಾಕಿ, ಸೆಟ್ಟಿಂಗ್ ಬದಲಿಸಿ ಮತ್ತೆ ತೆಗೆದರು. ಪ್ರತಿ ಚುಕ್ಕೆಯೂ ಬಿಡಿಬಿಡಿಯಾಗಿ ಬಂತು. ಹಾಳಾದ ಹಾಳೆಗೆ ದುಡ್ಡು ತಗೊಳ್ಳಲಿಲ್ಲ.

ಕಲರ್ ಪುಟಕ್ಕೆ 10 ರೂಪಾಯಿ, ಗಟ್ಟಿ ಬೈಂಡಿಂಗ್‌ಗೆ 250. ಕೂರೋಕೆ ಜಾಗ ಇಲ್ಲ. ಬೆನ್ನಿನ ಮೇಲಿನ ಚಿನ್ನದ ಅಕ್ಷರ ಸ್ವಲ್ಪ ಸಣ್ಣದಾಯ್ತು, ಅದನ್ನು ಮೊದಲೇ ಹೇಳಿ ಬರೆಸಿಕೊಳ್ಳಿ. ಫೈಲ್ ಪಿಡಿಎಫ್ ಮಾಡಿಕೊಂಡೇ ಹೋಗಿ, ವರ್ಡ್‌ನಲ್ಲಿ ಕೊಟ್ಟರೆ ಸಮೀಕರಣಗಳು ಜಾಗ ಬಿಟ್ಟು ಓಡುತ್ತವೆ. ಐದಕ್ಕೆ ನಾಲ್ಕೂವರೆ ಕೊಡ್ತೇನೆ. ವೈವಾ ದಿನ ಪರೀಕ್ಷಕರು ಮೊದಲು ತೆರೆದದ್ದು ಆ ಕೆಂಪು-ನೀಲಿ ಪುಟವನ್ನೇ.