ಗೊತ್ತಿರುವ ವಿಧಾನವೋ, ಹೊಸದೋ? ಎರಡನ್ನೂ ಮಾಡಿ ನೋಡಿದ ಮೇಲೆ

ಪಿಎಚ್‌ಡಿ ಮುಗಿದ ಹೊಸತರಲ್ಲಿ ಎಲ್ಲರನ್ನೂ ಕಾಡುವ ಪ್ರಶ್ನೆ ಇದು. ಡೇಟಾ ವಿಶ್ಲೇಷಿಸಲು ಗೊತ್ತಿರುವ ವಿಧಾನದಲ್ಲೇ ಬೇಗ ಬೇಗ ಪೇಪರ್ ಬರೆಯೋದಾ, ಇಲ್ಲ ನಿಧಾನವಾದರೂ ಹೊಸದು ಕಲಿಯೋದಾ? ನಾನು ಎರಡನ್ನೂ ಮಾಡಿದ್ದೇನೆ.

ಮೊದಲ ಪೇಪರ್ ಪಾಠದ ಕ್ರಮ ಮಕ್ಕಳ ಅಂಕಗಳ ಮೇಲೆ ಬೀರುವ ಪರಿಣಾಮದ ಬಗ್ಗೆ. ಎಸ್‌ಪಿಎಸ್‌ಎಸ್ ಅನ್ನೋ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ, ಸಾಮಾನ್ಯ ರಿಗ್ರೆಷನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನೋ ಲೆಕ್ಕ). ಕೈ ಪಳಗಿತ್ತು. ಎರಡೇ ವಾರಕ್ಕೆ ಟೇಬಲ್‌ಗಳು ರೆಡಿ, ನಾಲ್ಕು ತಿಂಗಳಿಗೆ ಪೇಪರ್ ಕಳಿಸಿಯೂ ಆಯಿತು. ಕೆಲಸ ಇನ್ನೂ ಕಾಯಂ ಆಗದವರಿಗೆ ಈ ವೇಗ ಸಣ್ಣ ವಿಷಯವಲ್ಲ.

ಆದರೆ ವಿಮರ್ಶಕರೊಬ್ಬರು ಕೇಳಿದರು: ಈ ಮಕ್ಕಳು ಒಂದೊಂದು ತರಗತಿಗೆ ಸೇರಿದವರಲ್ಲವೇ? ನನ್ನ ಹತ್ತಿರ 900 ಮಕ್ಕಳ ಅಂಕಗಳಿದ್ದವು, ತರಗತಿಗೆ 30 ಮಕ್ಕಳಂತೆ. ಒಂದೇ ಟೀಚರ್ ಹತ್ತಿರ ಕಲಿತ ಮಕ್ಕಳ ಅಂಕಗಳು ಒಂದಕ್ಕೊಂದು ಸ್ವಲ್ಪ ಹೋಲುತ್ತವೆ. ಆ ಹೋಲಿಕೆಯ ಅಳತೆ ಬರೀ 0.1 ಇದ್ದರೂ ಸಾಕು. ಪ್ರತಿ ಮಗುವಿಗೂ ತರಗತಿಯ ಉಳಿದ 29 ಮಕ್ಕಳ ಜೊತೆ ಈ ಹೋಲಿಕೆ ಇರುವುದರಿಂದ ಲೆಕ್ಕ 1 + 29 × 0.1, ಅಂದರೆ 3.9. 900ನ್ನು ಇದರಿಂದ ಭಾಗಿಸಿದರೆ ಸುಮಾರು 230. ಇಡೀ ತರಗತಿಗೆ ಒಂದೇ ಆಗಿರುವ ಪಾಠದ ಕ್ರಮದ ಬಗ್ಗೆ ಮಾತಾಡುವಾಗ ನನ್ನ ಡೇಟಾದ ತೂಕ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಅಷ್ಟು ಮಕ್ಕಳ ಡೇಟಾದಷ್ಟೇ. ಆ ಲೆಕ್ಕ ಬರೆದ ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಹೊಸ ವಿಧಾನ ಗೊತ್ತಿರುವವರನ್ನು ಸಹಲೇಖಕರಾಗಿ ಸೇರಿಸಿಕೊಳ್ಳುವ ದಾರಿಯೂ ಇದೆ. ಒಮ್ಮೆ ಅದನ್ನೂ ಮಾಡಿದೆ. ಕೆಲಸ ಚೆನ್ನಾಗಿ ಆಯಿತು, ಆದರೆ ಸೆಮಿನಾರ್‌ನಲ್ಲಿ ಪ್ರಶ್ನೆ ಬಂದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತು, ಮಕ್ಕಳು ಮತ್ತು ತರಗತಿ ಎರಡೂ ಹಂತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಲ್ಟಿಲೆವೆಲ್ ಮಾಡೆಲ್‌ಗೆ ಕೈ ಹಾಕಿದೆ. ಏಳು ತಿಂಗಳು ಹಿಡಿಯಿತು. ಕಾರ್ಯಾಗಾರದಲ್ಲಿ ಕೊಟ್ಟ ಉದಾಹರಣೆಯ ಡೇಟಾದಿಂದ ನಾನು ಕಲಿತದ್ದು ಕಡಿಮೆ. ಅಲ್ಲಿ ಎಲ್ಲವೂ ಸಲೀಸಾಗಿ ನಡೆಯುತ್ತದೆ. ನನ್ನ ಡೇಟಾ ಹಾಕಿದ ಕೂಡಲೇ ‘ಸಿಂಗ್ಯುಲರ್ ಫಿಟ್’ (ಈ ಡೇಟಾಗೆ ಮಾಡೆಲ್ ತೀರಾ ಜಟಿಲವಾಗಿರಬಹುದು ಅನ್ನೋ ಸೂಚನೆ) ಅನ್ನೋ ಎಚ್ಚರಿಕೆ ಬಂತು. ಸುಮ್ನೆ ಎಲ್ಲ ಪರಿಣಾಮಗಳೂ ತರಗತಿಯಿಂದ ತರಗತಿಗೆ ಬದಲಾಗಲಿ ಅಂತ ಬಿಟ್ಟಿದ್ದೆ. ಅಷ್ಟನ್ನು ಅಂದಾಜು ಮಾಡಲು 30 ತರಗತಿ ಸಾಲಲಿಲ್ಲ. ಒಂದೊಂದೇ ತೆಗೆಯುತ್ತಾ ಹೋದಾಗಲೇ ಮಾಡೆಲ್ ಏನು ಮಾಡುತ್ತದೆ ಅನ್ನೋದು ತಲೆಗೆ ಹತ್ತಿದ್ದು.

ನನ್ನ ಆಯ್ಕೆ ಕಲಿಯುವುದೇ. ಆದರೆ ನಿಮ್ಮ ಡೇಟಾ ಕೇಳುವ ವಿಧಾನವೊಂದನ್ನು ಮಾತ್ರ, ಅದೂ ಒಂದು ಪೇಪರ್ ಕಳಿಸಿ ಉತ್ತರಕ್ಕೆ ಕಾಯುವ ತಿಂಗಳುಗಳಲ್ಲಿ. ಎಲ್ಲರೂ ಕಲಿಯುತ್ತಿದ್ದಾರೆ ಅಂತ ಮಷಿನ್ ಲರ್ನಿಂಗ್ ಹಿಂದೆ ಓಡಬೇಡಿ.

ಮೊದಲ ಪೇಪರ್‌ನ ಡೇಟಾವನ್ನೂ ಹೊಸ ಮಾಡೆಲ್‌ನಲ್ಲಿ ಹಾಕಿ ನೋಡಿದೆ. ಪರಿಣಾಮ ಉಳಿಯಿತು, ಅದರ ವಿಶ್ವಾಸಾಂತರ (ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನೋ ಅಂದಾಜಿನ ವ್ಯಾಪ್ತಿ) ಮಾತ್ರ ಸುಮಾರು ಎರಡು ಪಟ್ಟು ಅಗಲವಾಯಿತು. ತಿದ್ದಿದ ಪ್ರತಿಯಲ್ಲಿ ಆ ಅಗಲದ ಅಂತರವನ್ನೇ ಹಾಕಿ ಕಳಿಸಿದೆ.